ಒಂದಕ್ಕೆ ಮುನ್ನೂರಿಪ್ಪತ್ತು

ಹಿರಿಯಡ್ಕ ಪೇಟೆ, ಔಷಧಿ ಅಂಗಡಿಯ ಬೆನ್ನಿಗೆ
ಮೆಟ್ಟಿಲ ಕೆಳಗಿನ ಲ್ಯಾಬು ನನ್ನದು.
ಏಳು ಗಂಟೆಗೇ ಬಂದು ಕೂತಿದ್ದಳು ಅಕ್ಕಣಿ ಪೂಜಾರ್ತಿ,
ಸೊಸೈಟಿಗೆ ಹಾಲು ಕೊಟ್ಟ ಖಾಲಿ ಕ್ಯಾನು ಮಡಿಲಲ್ಲಿ,
ಆರು ದಿನದ ಜ್ವರ ಕಣ್ಣಲ್ಲಿ.
ಅಂಗೈ ತೆರೆದಳು: ಕೆಂಪು ಚುಕ್ಕಿ.
"ಅಂಗಾಲಲ್ಲೂ ಉಂಟು ಬಾಯಮ್ಮ, ತೋರಿಸಲಾ?"

ಉಣುಗು ಕಚ್ಚಿತ್ತಾ, ಕೇಳಿದೆ.
ನಕ್ಕಳು. ಮೂರು ದನ ಸಾಕುವವಳನ್ನು
ಕೇಳುವ ಮಾತಾ ಅದು?
ದಿನಾ ಸಂಜೆ ಕಿವಿಯೊಳಗಿಂದ, ಕೆಚ್ಚಲ ಸಂದಿಯಿಂದ
ಹರಳುಬೀಜದಂತೆ ಉಬ್ಬಿದ್ದನ್ನು ಕಿತ್ತು
ಚಿಮಣಿ ಎಣ್ಣೆಯ ಡಬ್ಬಿಗೆ ಹಾಕುವ ಕೈ.
ಯಾವುದು ತಪ್ಪಿಸಿಕೊಂಡು ತನ್ನ ಮೇಲೇರಿತೋ
ಲೆಕ್ಕ ಇಟ್ಟವರು ಯಾರು.

ಡಾಕ್ಟರು ಕಾಯಲಿಲ್ಲ, ಕಾಯಲೂಬಾರದು.
ಮೊದಲು ಮಾತ್ರೆ ಬರೆದು, ಪರೀಕ್ಷೆಯನ್ನು ಆಮೇಲೆ ಬರೆದರು.
ರಕ್ತ ನಿಧಾನದ ಪ್ರಾಣಿ.
ಕಳ್ಳ ಹೊಕ್ಕ ರಾತ್ರಿಯೇ ಬೊಬ್ಬೆ ಹೊಡೆಯುವುದಿಲ್ಲ,
ವಾರ ಕಳೆದ ಮೇಲೆ ಕೂತು
ಅವನ ಮುಖದ ಅಚ್ಚು ತೆಗೆಯುತ್ತದೆ.

ಸಾಲಾಗಿ ಕೊಳವೆ ಇಟ್ಟು ಸೀರಮ್ಮಿಗೆ
ಉಪ್ಪು ನೀರು ಬೆರೆಸುವಾಗ
ಪರದೆಯ ಸಂದಿಯಲ್ಲಿ ಅವಳ ತಲೆ.
"ನೀರು ಹಾಕ್ತೀರಾ!
ಸೊಸೈಟಿಯಲ್ಲಿ ನಾನು ಹೀಗೆ ಮಾಡಿದ್ರೆ
ಕಾರ್ಡು ಹರಿದು ಕೈಗೆ ಕೊಡ್ತಾರೆ."

ಇಲ್ಲಿ ನೀರು ಹಾಕಿಯೇ ನೋಡುವುದು, ಅಂದೆ.
ಇಪ್ಪತ್ತರಷ್ಟು, ನಲವತ್ತರಷ್ಟು, ಎಂಬತ್ತು, ನೂರರವತ್ತು,
ಎಷ್ಟು ತೆಳು ಮಾಡಿದ ಮೇಲೂ ನಿಮ್ಮ ರಕ್ತ
ಹಿಡಿದದ್ದನ್ನು ಬಿಡುವುದಿಲ್ಲ ಅಂತ.

ಹೇಳದೆ ಬಿಟ್ಟದ್ದು:
ಕೊಳವೆಯಲ್ಲಿರುವುದು ಅವಳಿಗೆ ಜ್ವರ ತಂದ ಜೀವ ಅಲ್ಲ.
ಸಂಬಂಧವೇ ಇಲ್ಲದ ಬೇರೊಂದು, ಸತ್ತದ್ದು,
ಓಎಕ್ಸ್ ಹತ್ತೊಂಬತ್ತು ಅಂತ ಹೆಸರು,
ಮುಖದ ಒಂದು ಮಗ್ಗುಲು ಮಾತ್ರ ಅದರಂತೆ.
ಬಸ್ಸಿನಲ್ಲಿ ಯಾರದೋ ಬೆನ್ನು ನೋಡಿ
ತೀರಿಕೊಂಡ ಅಮ್ಮನೆಂದು ಎದ್ದು ನಿಂತ ಹಾಗೆ
ರಕ್ತವೂ ತಪ್ಪು ತಿಳಿಯುತ್ತದೆ. ಆ ತಪ್ಪೇ ನಮ್ಮ ಪರೀಕ್ಷೆ.
ಮಣಿಪಾಲದಲ್ಲಿ ಇದಕ್ಕಿಂತ ಒಳ್ಳೆಯದುಂಟು.
ಹೋಗಿ ಬರಲು ಅವಳಿಗೆ ಒಂದು ಹೊತ್ತಿನ ಹಾಲು.

ಮರುದಿನ ನೋಡಿದರೆ ನಲವತ್ತರಲ್ಲಿ ನಿಂತಿತ್ತು.
ಆಚೆಗೆಲ್ಲ ಅಕ್ಕಿ ತೊಳೆದ ನೀರಿನಂತೆ ಮಸುಕು.
ನಲವತ್ತು ಅಂದರೆ ಏನೂ ಅಲ್ಲ,
ನನ್ನಲ್ಲೂ ಇರಬಹುದು, ಮೇಲಿನ ಟೈಲರ್ ದೂಮಣ್ಣನಲ್ಲೂ.
ಎರಡು ವಾರ ಬಿಟ್ಟು ಇನ್ನೊಮ್ಮೆ ಬೇಕು, ಅಂದೆ.
"ಜ್ವರ ಬಿಟ್ರೆ?"
ಬಿಟ್ಟರೂ.
"ಬಿಟ್ಟ ಮೇಲೆ ಎಂತಕ್ಕೆ?"

ಬರಲಿಕ್ಕಿಲ್ಲ ಅಂದುಕೊಂಡೆ. ಯಾರೂ ಬರುವುದಿಲ್ಲ.
ಫ್ರೀಜರಿನಲ್ಲಿ ಅರ್ಧ ಜೋಡಿಗಳ ಸಾಲೇ ಉಂಟು,
ಹಳದಿ ಸೀರಂ, ನೀಲಿ ಶಾಯಿಯ ಹೆಸರು, ತಾರೀಕು.
ಗುಣವಾದವರದ್ದೇ ಹೆಚ್ಚು.

ಕಲಿಯುವಾಗ ಒಬ್ಬರ ತೋಳು ಇನ್ನೊಬ್ಬರು ಚುಚ್ಚುತ್ತಿದ್ದೆವು.
ನನ್ನದರಲ್ಲಿ ಹಳೆಯ ಡೆಂಗಿಯ ಗುರುತು ಸಿಕ್ಕಿತು.
ಯಾವಾಗ ಬಂದಿತ್ತು? ಗೊತ್ತಿದ್ದವಳು ಅಮ್ಮ ಒಬ್ಬಳೇ.
ಒದ್ದೆ ಬಟ್ಟೆ, ಕೊತ್ತಂಬರಿ ಕಷಾಯ, ಮೊಣಕಾಲೂರಿದ ಪ್ರಾರ್ಥನೆ,
ಆ ರಾತ್ರಿಗಳೆಲ್ಲ ಅವಳ ಜೊತೆ ಹೋದವು.
ರಕ್ತ ಮಾತ್ರ ಇಟ್ಟುಕೊಂಡಿತ್ತು, ನನಗೂ ಹೇಳದೆ.

ಹದಿನೇಳನೆಯ ದಿನ ಬಾಗಿಲಲ್ಲಿ ಕ್ಯಾನಿನ ಸದ್ದು.
"ನಲವತ್ತು ರೂಪಾಯಿ ಬಾಕಿ ಇತ್ತಲ್ಲ."
ಎಣಿಸಿ ಇಟ್ಟಳು. ಮತ್ತೆ ತಾನಾಗಿಯೇ
ಕುರ್ಚಿ ಎಳೆದು ತೋಳು ಚಾಚಿದಳು.
"ನಿಮ್ಮದೂ ಬಾಕಿ ಉಂಟಲ್ಲ. ತೆಗೀರಿ."

ಮಾರನೆಯ ಬೆಳಿಗ್ಗೆ ಮುನ್ನೂರಿಪ್ಪತ್ತರ ಕೊಳವೆಯಲ್ಲೂ
ಮೇಲೆ ತಿಳಿ, ತಳದಲ್ಲಿ ಹರಳು ಹರಳು.
ಕಿಟಕಿಯ ಬೆಳಕಿಗೆ ಹಿಡಿದೆ.
"ಒಡೆದಿದೆ," ಅಂದಳು ಹಾಲಿನವಳು,
ನಾನು ಬಾಯಿ ತೆರೆಯುವ ಮೊದಲೇ.

"ಹಾಗಾದ್ರೆ ನನಗೆ ಆ ಜ್ವರ ಉಂಟಾ?"
ಇತ್ತು, ಅಂದೆ.
"ಅದು ನನಗೂ ಗೊತ್ತುಂಟು."

ರಿಪೋರ್ಟನ್ನು ಎರಡು ಮಡಿಕೆ ಮಾಡಿ
ಸೊಸೈಟಿಯ ಕಾರ್ಡಿನೊಳಗೆ ಇಟ್ಟಳು.
ಮೆಟ್ಟಿಲಿಳಿದವಳು ಮತ್ತೆ ತಿರುಗಿ:
"ದನದ್ದೂ ಹೀಗೆ ನೋಡ್ಲಿಕ್ಕೆ ಆಗ್ತದಾ ಬಾಯಮ್ಮ?
ಕೆಂಚಿ ಮೊನ್ನೆಯಿಂದ ಹುಲ್ಲು ಮುಟ್ಟಲಿಲ್ಲ."